ಅವರೆಕಾಳಿನ ಬೋಗುಣಿಯ ಸುತ್ತ

ಸಂಕ್ರಾಂತಿಗೆ ಎರಡು ದಿನ ಮುಂಚಿನ ಮಧ್ಯಾಹ್ನ, ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬೋಗುಣಿಯನ್ನು ನಡುವೆ ಇಟ್ಟುಕೊಂಡು ನಾವು ಮೂವರು ಒಡಹುಟ್ಟಿದವರು ಮೈಸೂರಿನ ಮನೆಯ ನಡುಮನೆಯಲ್ಲಿ ಕುಳಿತೆವು. ಹಿತಕಿದ ಬೇಳೆಯ ಸಾರನ್ನು ಉಂಡು ಮುಗಿಸುವುದಕ್ಕೆ ಹದಿನೈದು ನಿಮಿಷ ಸಾಕು, ಆದರೆ ಅಷ್ಟು ಬೇಳೆಯನ್ನು ಹಿತಕುವುದಕ್ಕೆ ಒಂದು ಪೂರ್ತಿ ಸಿನಿಮಾದಷ್ಟು ಹೊತ್ತು ಬೇಕು. ಬೆರಳುಗಳಿಗೆ ಕೆಲಸವಿದ್ದು ಬುದ್ಧಿಗೆ ರಜೆಯಿರುವ ಇಂಥ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಸಿನಿಮಾದ ಜಗಳವೊಂದನ್ನು ಬಿಟ್ಟರೆ ಬೇರೆ ಜಗಳ ಹುಟ್ಟಿದ್ದೇ ಇಲ್ಲ. ಆಸ್ತಿ ಕಡಿಮೆಯಿರುವ ಮನೆಗಳಿಗೆ ಇರುವ ಅನುಕೂಲಗಳಲ್ಲಿ ಇದೂ ಒಂದು.

ಅಕ್ಕ ಹಾಸನದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಲೆಕ್ಕದ ಉತ್ತರ ಸರಿಯಿದ್ದರೂ ನಡುವಿನ ಹಂತಗಳನ್ನು ಬರೆಯದ ಹುಡುಗನಿಗೆ ಅಂಕ ಕೊಡದಿರುವುದು ಅವಳ ವ್ರತ, ಮತ್ತು ಈ ವ್ರತವನ್ನು ಅವಳು ಸಿನಿಮಾ ನಿರ್ದೇಶಕರ ವಿಷಯದಲ್ಲಿಯೂ ಸಡಿಲಿಸುವುದಿಲ್ಲ. ನಡುಮನೆಯ ಮೂಲೆಯಲ್ಲಿ ನೀರಿನ ಫಿಲ್ಟರ್ ಇಟ್ಟ ಸ್ಟೂಲಿಗೆ ಬೆನ್ನು ಕೊಟ್ಟು ಕುಳಿತಿದ್ದ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವನು. ಐದು ದಿನ ಬೇರೆಯವರ ತಪ್ಪು ಹುಡುಕುವ ಅವನು ಆರನೆಯ ದಿನ ಸೂಪರ್‌ಹೀರೋ ಸಿನಿಮಾಕ್ಕೆ ಹೋದಾಗ ಮಾತ್ರ ಯಾವ ತಪ್ಪನ್ನೂ ಕಾಣದವನಾಗುತ್ತಾನೆ. ಇವರಿಬ್ಬರ ನಡುವೆ ಹುಟ್ಟಿದ ನಾನು ಹುಟ್ಟಿದ ಕ್ರಮದಿಂದಲೇ ಪಂಚಾಯಿತಿದಾರ.

ಮೊದಲ ಕಾಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಸಿಪ್ಪೆ ತಮ್ಮನ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಅಕ್ಕನ ಕನ್ನಡಕಕ್ಕೆ ಬಡಿಯಿತು. ಕ್ಷಮೆ ಕೇಳುವ ಬದಲು ತಮ್ಮನು, 2025ರ ಜುಲೈನಲ್ಲಿ ಬಂದ ಸೂಪರ್‌ಮ್ಯಾನ್ ಕೂಡ ಹೀಗೆಯೇ ಹಾರುತ್ತಾನೆಂದು ಹೇಳಿ ಆ ದಿನದ ಕಲಾಪವನ್ನು ಆರಂಭಿಸಿದನು. 2013ರ ಸಿನಿಮಾದಲ್ಲಿ ಮಾಯವಾಗಿದ್ದ ಕೆಂಪು ಚಡ್ಡಿ ಈ ಸಲ ಪ್ಯಾಂಟಿನ ಮೇಲೆ ಮರಳಿ ಬಂದಿರುವುದು ಅವನ ಪಾಲಿಗೆ ಆ ವರ್ಷದ ಮಹತ್ವದ ಘಟನೆಯಾಗಿತ್ತು. 1938ರಲ್ಲಿ ಈ ಪಾತ್ರ ಕಾಮಿಕ್ಸ್ ಪುಟದಲ್ಲಿ ಕಣ್ಣುಬಿಟ್ಟಾಗ ಅಂದಿನ ಸರ್ಕಸ್ ಪೈಲ್ವಾನರ ಉಡುಪೇ ಅದಕ್ಕೆ ಮಾದರಿಯಾಗಿತ್ತೆಂದೂ, ಈಗಿನ ನಿರ್ದೇಶಕ ಜೇಮ್ಸ್ ಗನ್ ಚಡ್ಡಿ ಬೇಕೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ ನಾಯಕ ಡೇವಿಡ್ ಕೊರೆನ್ಸ್‌ವೆಟ್ ತಾನೇ ಮುಂದೆ ಬಂದು, ಇಷ್ಟು ಶಕ್ತಿವಂತನನ್ನು ಕಂಡು ಮಕ್ಕಳು ಹೆದರಬಾರದಾದರೆ ಅದು ಇರಲೇಬೇಕೆಂದು ವಾದಿಸಿದನೆಂದೂ ವಿವರಿಸಿದನು.

ಅಕ್ಕ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ, "ಇಪ್ಪತ್ತು ವರ್ಷದಿಂದ ಒಂಬತ್ತನೆಯ ತರಗತಿಗೆ ಬೀಜಗಣಿತ ಹೇಳಿಕೊಡುತ್ತಿದ್ದೇನೆ ಕಣೋ, ಮಕ್ಕಳು ಹೆದರುವುದು ಉಡುಪನ್ನು ನೋಡಿ ಅಲ್ಲ" ಎಂದಳು. ಅದೇ ಸಿನಿಮಾದಲ್ಲಿ ನಮ್ಮ ಸೆನ್ಸಾರ್‌ನವರು 33 ಸೆಕೆಂಡಿನ ಚುಂಬನದ ದೃಶ್ಯವನ್ನು ಕತ್ತರಿಸಿದ್ದನ್ನು ನಾನು ನೆನಪಿಸಿದಾಗ, ಮನುಷ್ಯ ಆಕಾಶದಲ್ಲಿ ಹಾರುವುದನ್ನು ನಂಬಿದ ಮಂಡಳಿಗೆ ಅವನು ಅರ್ಧ ನಿಮಿಷ ಮುತ್ತಿಡಬಲ್ಲನೆಂಬುದು ಮಾತ್ರ ಅಸಹಜವೆಂದು ಕಂಡಿರಬೇಕೆಂದು ಅವಳು ತೀರ್ಪಿತ್ತಳು.

ಅಕ್ಕನಿಗೆ ಸೂಪರ್‌ಹೀರೋಗಳ ಮೇಲೆ ದ್ವೇಷವೇನೂ ಇಲ್ಲ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಆರಂಭವಾದಾಗ, ಬಲಗೈಯನ್ನು ಮೇಲೆತ್ತಿ ಗಿರಗಿರನೆ ತಿರುಗುವ ವಿದ್ಯೆಯನ್ನು ತಮ್ಮನಿಗೆ ಕಲಿಸಿದವಳೇ ಅವಳು. ಅವನು ತಿರುಗಿ ತಿರುಗಿ ಅಮ್ಮನ ಬೀರುವಿಗೆ ಹಣೆ ಹೊಡೆಸಿಕೊಂಡಾಗ ಓಡಿಹೋದವಳೂ ಅವಳೇ. ಅವಳ ತಕರಾರು ಒಂದೇ: ಶಕ್ತಿಗೆ ಮಿತಿಯಿರಬೇಕು, ಮತ್ತು ಆ ಮಿತಿ ನಮಗೆ ಮೊದಲೇ ತಿಳಿದಿರಬೇಕು. ಯಾವುದನ್ನು ಬೇಕಾದರೂ ಮಾಡಬಲ್ಲವನು ಸೋಲುವುದು ಹೇಗೆ, ಸೋಲಲಾರದವನ ಗೆಲುವಿಗೆ ನಾನು ಟಿಕೆಟ್ ಕೊಂಡು ಆತಂಕಪಡುವುದು ಹೇಗೆ ಎಂಬುದು ಅವಳ ಪ್ರಶ್ನೆ.

ಈ ದೃಷ್ಟಿಯಿಂದ 2024ರ ತೆಲುಗಿನ 'ಹನು-ಮಾನ್' ಅವಳಿಗೆ ಸರಿಬಂದಿತ್ತು. ಪ್ರಶಾಂತ್ ವರ್ಮಾ ನಿರ್ದೇಶನದ ಆ ಸಿನಿಮಾದಲ್ಲಿ ಊರಿನ ಚಿಲ್ಲರೆ ಕಳ್ಳನೊಬ್ಬನಿಗೆ ಮಣಿಯೊಂದು ಸಿಕ್ಕಿ ಹನುಮಂತನ ಬಲ ಬರುತ್ತದೆ, ಆದರೆ ಬಿಸಿಲಿಲ್ಲದ ಹೊತ್ತಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಅಡುಗೆಮನೆಯಲ್ಲಿ ಎಳ್ಳು ಬೀರುವುದಕ್ಕೆಂದು ಸಕ್ಕರೆ ಅಚ್ಚುಗಳನ್ನು ಬಿಡಿಸಿ ತಟ್ಟೆಯಲ್ಲಿ ಜೋಡಿಸುತ್ತಿದ್ದ ಅಮ್ಮ ಅಲ್ಲಿಂದಲೇ, "ನಮ್ಮ ಸೋಲಾರ್ ಹೀಟರಿನ ಹಾಗೆ ಅನ್ನಿ. ಮೋಡ ಕವಿದ ದಿನ ಆ ಹುಡುಗ ಏನು ಮಾಡುತ್ತಾನೆ?" ಎಂದು ಕೇಳಿದಳು. ಮೋಡ ಕವಿದ ದಿನ ಏನು ಮಾಡುತ್ತಾನೆಂಬ ಚಿಂತೆ ನೋಡುವವರಿಗೆ ಹುಟ್ಟಿತೆಂದರೆ ಕಥೆ ಗೆದ್ದ ಹಾಗೆಯೇ ಎಂದು ಅಕ್ಕ ಹೇಳಿದಳು. ಅದರಲ್ಲಿ ಬರುವ ಅಂಜನಾದ್ರಿಯೆಂಬ ಊರು ಕಲ್ಪನೆಯದು. ಆನೆಗೊಂದಿಯ ಬಳಿಯ ನಿಜವಾದ ಅಂಜನಾದ್ರಿ ಬೆಟ್ಟವನ್ನು ನಾನು ಒಮ್ಮೆ ಹತ್ತಿದ್ದೇನೆ. ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿದ್ದು, ಸುಡುಬಿಸಿಲಿನಲ್ಲಿ ನನ್ನ ಬಲವು ಮುನ್ನೂರರ ಸುಮಾರಿಗೆ ತೀರಿಹೋದದ್ದರಿಂದ, ಬಿಸಿಲಿನ ಸೂತ್ರ ಎಲ್ಲರಿಗೂ ಅನ್ವಯಿಸುವುದಿಲ್ಲವೆಂದು ಬಲ್ಲೆ.

ತಮ್ಮನು ಸುಮ್ಮನಿರದೆ ಮಲಯಾಳಂನ 'ಮಿನ್ನಲ್ ಮುರಳಿ'ಯನ್ನು ಎಳೆದು ತಂದನು. 2021ರ ಕ್ರಿಸ್‌ಮಸ್ ಹೊತ್ತಿಗೆ ಬಂದ, ಬೇಸಿಲ್ ಜೋಸೆಫ್ ನಿರ್ದೇಶಿಸಿದ ಆ ಸಿನಿಮಾ ನಮ್ಮ ಮನೆಯಲ್ಲಿ ಸರ್ವಾನುಮತ ಪಡೆದಿರುವ ಏಕೈಕ ಸೂಪರ್‌ಹೀರೋ ಸಿನಿಮಾ. ಆದರೆ ಕಾರಣಗಳು ಮೂವರಿಗೂ ಬೇರೆ ಬೇರೆ. ಅಮೆರಿಕಕ್ಕೆ ಹೋಗುವ ಕನಸಿನಲ್ಲಿರುವ ನಾಯಕ ವೃತ್ತಿಯಿಂದ ದರ್ಜಿಯಾದ್ದರಿಂದ ಅಷ್ಟು ಮೈಗೊಪ್ಪುವ ಉಡುಪು ಎಲ್ಲಿಂದ ಬಂತೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲವೆಂಬುದು ತಮ್ಮನ ಮೆಚ್ಚುಗೆ. ಖಳನಿಗೂ ಅದೇ ರಾತ್ರಿ ಅದೇ ಸಿಡಿಲು ಹೊಡೆಯುತ್ತದೆ, ಆದ್ದರಿಂದ ಸಮೀಕರಣದ ಎರಡೂ ಬದಿ ಸಮವಾಗುತ್ತದೆಂಬುದು ಅಕ್ಕನದು. ಇಷ್ಟೇ ಆಗಿದ್ದರೆ ನಾನು ಒಪ್ಪುತ್ತಿದ್ದೆ. ಆದರೆ ಗುರು ಸೋಮಸುಂದರಂ ಮಾಡಿದ ಆ ಖಳ, ಚಹಾದಂಗಡಿಯಲ್ಲಿ ಲೋಟ ತೊಳೆಯುವ, ಊರೆಲ್ಲ ಹುಚ್ಚನೆಂದು ತಳ್ಳಿಹಾಕಿದ ಶಿಬು, ವರ್ಷಾನುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಣ್ಣಿನ ಮುಂದೆ ನಿಂತು ಒಮ್ಮೆಲೇ ಅಳುತ್ತಲೂ ನಗುತ್ತಲೂ ಇರುವ ದೃಶ್ಯದಲ್ಲಿ ಸಮೀಕರಣ ಬಿಡಿಸುವ ನಮ್ಮ ಅಕ್ಕ ಈರುಳ್ಳಿ ಹೆಚ್ಚುವವಳಂತೆ ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಮನೆಯಲ್ಲಿ ಈರುಳ್ಳಿ ಇರಲಿಲ್ಲ.

ಇಷ್ಟರಲ್ಲಿ ಅಮ್ಮ ಅವರಿಬ್ಬರಿಗೆ ಸಕ್ಕರೆ ಹಾಕಿದ ಕಾಫಿಯನ್ನೂ ನನಗೆ ಹಾಕದ ಕಾಫಿಯನ್ನೂ ತಂದುಕೊಟ್ಟು, ಹಿತಕಿದ ಬೇಳೆಗಿಂತ ಆಡಿದ ಮಾತೇ ಹೆಚ್ಚಾಯಿತೆಂದು ಟೀಕಿಸಿ ಹಿತ್ತಲಿಗೆ ಹೋದಳು. ನಾನು ನೀರು ಕುಡಿದು ಬರುತ್ತೇನೆಂದು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮಾತು 'ಲೋಕಾ'ಕ್ಕೆ ತಲುಪಿತ್ತು.

2025ರ ಆಗಸ್ಟ್‌ನಲ್ಲಿ ಬಂದ ಈ ಮಲಯಾಳಂ ಸಿನಿಮಾದ ನಾಯಕಿ ಕೇರಳದ ಜನಪದ ಕಥೆಗಳ ಕಳ್ಳಿಯಂಕಾಟ್ಟು ನೀಲಿಯೆಂಬ ಯಕ್ಷಿ. ಡೊಮಿನಿಕ್ ಅರುಣ್ ನಿರ್ದೇಶನದಲ್ಲಿ ಕಲ್ಯಾಣಿ ಪ್ರಿಯದರ್ಶನ್ ಆ ಪಾತ್ರವನ್ನು ಮಾಡಿದ್ದಾಳೆ. ಕಥೆ ನಡೆಯುವುದು ಬೆಂಗಳೂರಿನಲ್ಲಿ. ಯಕ್ಷಿ ಅಲ್ಲಿ ಚಂದ್ರಾ ಎಂಬ ಹೆಸರಿನಲ್ಲಿ ಒಂದು ಫ್ಲ್ಯಾಟ್ ಹಿಡಿದು, ರಾತ್ರಿಪಾಳಿಯ ಕೆಲಸ ಮಾಡಿಕೊಂಡು, ಎದುರು ಮನೆಯ ಹುಡುಗರ ಕುತೂಹಲವನ್ನು ಸಹಿಸಿಕೊಂಡಿರುತ್ತಾಳೆ. ಜಗತ್ತಿನಾದ್ಯಂತ 300 ಕೋಟಿ ರೂಪಾಯಿ ಗಳಿಕೆಯನ್ನು ದಾಟಿದ ಮೊದಲ ಮಲಯಾಳಂ ಸಿನಿಮಾ ಇದೆಂದು ತಮ್ಮನು ತಾನೇ ಹಣ ಹೂಡಿದ್ದವನ ಹಾಗೆ ಬೀಗಿದನು.

"ಅದೆಲ್ಲ ಇರಲಿ" ಎಂದಳು ಅಕ್ಕ. "ಒಂಟಿ ಹೆಣ್ಣು, ರಾತ್ರಿಪಾಳಿ, ರಕ್ತ ಕುಡಿಯುವವಳಾದ್ದರಿಂದ ಸಸ್ಯಾಹಾರಿಯೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಇಂಥವಳಿಗೆ ಬೆಂಗಳೂರಿನಲ್ಲಿ ಯಾವ ಮಾಲೀಕ ಮನೆ ಕೊಟ್ಟ? ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿಂದ ತಂದಳು? ಅವಳು ಗಾಳಿಯಲ್ಲಿ ಎಗರುವುದನ್ನು ನಾನು ಮರುಮಾತಿಲ್ಲದೆ ಒಪ್ಪುತ್ತೇನೆ, ಆದರೆ ಬಾಡಿಗೆ ಕರಾರುಪತ್ರವನ್ನು ತೋರಿಸದೆ ಮುಂದಿನ ಹಂತಕ್ಕೆ ಹೋದರೆ ಅಂಕ ಕೊಡುವುದಿಲ್ಲ." ಬೆಂಗಳೂರಿನಲ್ಲಿ ನಾಲ್ಕು ಮನೆ ಬದಲಿಸಿರುವ ತಮ್ಮ ಇದಕ್ಕೆ ಉತ್ತರ ಕೊಡಲಾರದೆ ಕಾಳಿನ ಕಡೆಗೆ ತಲೆ ತಗ್ಗಿಸಿದನು.

ನನ್ನ ಹೊಟ್ಟೆಯುರಿಯೇ ಬೇರೆ. ನಮ್ಮ ಬೀದಿಗಳಲ್ಲಿಯೂ ಒಬ್ಬ ಯಕ್ಷಿ ಓಡಾಡಿದ್ದಳಲ್ಲ! ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ಪರಿಚಿತರ ದನಿಯಲ್ಲಿ ಬಾಗಿಲು ಬಡಿಯುತ್ತಾಳೆಂದು ಹೆದರಿ ಬೆಂಗಳೂರಿನಿಂದ ಹಿಡಿದು ಎಷ್ಟೋ ಊರುಗಳ ಜನರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ನಮ್ಮ ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದವನು ಅಕ್ಷರಾಭ್ಯಾಸ ಮುಗಿದು ಇನ್ನೂ ಒತ್ತು ದೀರ್ಘಗಳು ಬಾರದಿದ್ದ ಈ ತಮ್ಮನೇ ಆದ್ದರಿಂದ ಅದು 'ನಳೆ ಬ' ಎಂದಾಗಿ, ದೆವ್ವಕ್ಕೆ ಅರ್ಥವಾಗುತ್ತದೋ ಇಲ್ಲವೋ ಎಂದು ನಾನು ಎರಡು ರಾತ್ರಿ ನಿದ್ರೆಗೆಟ್ಟಿದ್ದೆ. ಆ ನಂಬಿಕೆಯ ಎಳೆಯನ್ನೇ ಹಿಡಿದು 2018ರಲ್ಲಿ ಹಿಂದಿಯವರು ಚಂದೇರಿಯ ಗೋಡೆಗಳ ಮೇಲೆ ಬರೆಯಿಸಿ 'ಸ್ತ್ರೀ' ಎಂಬ ಸಿನಿಮಾ ಮಾಡಿ ಗೆದ್ದರು. ಮಲಯಾಳಿಗಳು ತಮ್ಮ ಯಕ್ಷಿಯನ್ನು ಒಳಗೆ ಕರೆದು ನಾಯಕಿಯ ಪಾತ್ರ ಕೊಟ್ಟರು. ನಾವು ನಮ್ಮವಳಿಗೆ ನಾಳೆ ಬಾ ಎಂದು ಹೇಳಿದೆವು. ಹೇಳಿದ ಮಾತು ಕೇಳುವವಳಾದ್ದರಿಂದ ಹೋಗಿಬಿಟ್ಟಳು.

ಥ್ರಿಲ್ಲರ್‌ಗಳ ವಿಷಯಕ್ಕೆ ಬಂದಾಗ ಅಕ್ಕ ಕುಳಿತ ಭಂಗಿಯೇ ಬದಲಾಯಿತು. ಕೊಲೆಗಾರನನ್ನು ಮಧ್ಯಂತರದೊಳಗೆ ಹಿಡಿಯುವುದಕ್ಕೆ ಅವಳದೊಂದು ಸೂತ್ರವಿದೆ: ಕಥೆಯಲ್ಲಿ ಯಾವ ಕೆಲಸವೂ ಇಲ್ಲದೆ ಯಾರು ಎರಡು ಸಲ ಕಾಣಿಸಿಕೊಳ್ಳುತ್ತಾರೋ ಅವರೇ. ಈ ಸೂತ್ರವನ್ನು ಅವಳು ಚಿತ್ರಮಂದಿರದಲ್ಲಿ ಗಟ್ಟಿಯಾಗಿ ಹೇಳುವ ಕಾರಣ ಭಾವ ಅವಳ ಪಕ್ಕದಲ್ಲಿ ಕೂರುವುದನ್ನೇ ಬಿಟ್ಟಿದ್ದಾರೆ.

ಸೂತ್ರ ಸೋತದ್ದು 2024ರ ತಮಿಳಿನ 'ಮಹಾರಾಜ'ದಲ್ಲಿ. ವಿಜಯ್ ಸೇತುಪತಿ ಮಾಡಿದ ಕ್ಷೌರಿಕನೊಬ್ಬ ಪೊಲೀಸ್ ಠಾಣೆಗೆ ಬಂದು ಲಕ್ಷ್ಮಿ ಕಳುವಾಗಿದ್ದಾಳೆಂದು ದೂರು ಕೊಡುತ್ತಾನೆ. ವಿಚಾರಿಸಿದರೆ ಲಕ್ಷ್ಮಿಯೆಂಬುದು ಕಸದ ಡಬ್ಬಿ. ಈ ಒಂದು ದೃಶ್ಯಕ್ಕೆ ತಮ್ಮನು ಇಡೀ ಟಿಕೆಟ್ಟಿನ ದುಡ್ಡು ಸಂದಾಯವಾಯಿತೆನ್ನುತ್ತಾನೆ. ಅಕ್ಕನ ಕೋಪವಿರುವುದು ಬೇರೆ ಬೇರೆ ವರ್ಷಗಳಲ್ಲಿ ನಡೆದ ಘಟನೆಗಳನ್ನು ಒಂದೇ ವಾರದಲ್ಲಿ ನಡೆದಂತೆ ಹೆಣೆದು ತೋರಿಸಿದ ನಿರ್ದೇಶಕ ನಿಥಿಲನ್ ಅವರ ಮೇಲೆ. "ಸಾಕ್ಷಿಯನ್ನು ಮುಚ್ಚಿಡುವುದು ಜಾಣತನ, ಕ್ಯಾಲೆಂಡರನ್ನೇ ಮುಚ್ಚಿಡುವುದು ಮೋಸ" ಎಂದು ಅವಳು ಬೇಳೆಯೊಂದನ್ನು ಬೋಗುಣಿಗೆ ಬೀಸಿ ಒಗೆದಳು. ಎರಡನೆಯ ಸಲ ನೋಡಿದಾಗ ಪ್ರತಿಯೊಂದು ಸುಳಿವೂ ಕಣ್ಣೆದುರಿಗೇ ಇತ್ತೆಂದು ತಮ್ಮನು ವಾದಿಸಿದನು. ಎರಡನೆಯ ಸಲ ಪರೀಕ್ಷೆ ಬರೆದು ಪಾಸಾಗುವುದು ಯಾವ ಹೆಮ್ಮೆಯ ಮಾತೂ ಅಲ್ಲವೆಂದು ಅವಳೆಂದಳು. ನನ್ನ ತೀರ್ಪು ತಮ್ಮನ ಪರವಾಗಿದ್ದರೂ, ಹಬ್ಬದ ಮೂರು ದಿನ ಅಕ್ಕನ ಕೈಯಡುಗೆಯನ್ನೂ ಉಣ್ಣಬೇಕಾದ್ದರಿಂದ ಅದನ್ನು ಕಾಯ್ದಿರಿಸಿ, ಒಲೆಯ ಮೇಲಿನ ಹಾಲು ನೋಡಿ ಬರುವ ನೆಪದಲ್ಲಿ ಎದ್ದುಹೋದೆ.

ಮರಳಿ ಬಂದಾಗ ಅಕ್ಕ 'ಯು ಟರ್ನ್' ಅನ್ನು ಹೊಗಳುತ್ತಿದ್ದಳು. 2016ರ ಆ ಕನ್ನಡ ಸಿನಿಮಾದಲ್ಲಿ ಪವನ್ ಕುಮಾರ್ ತೆಗೆದುಕೊಂಡ ಅಪರಾಧ ಎಷ್ಟು ಚಿಕ್ಕದೆಂದರೆ ಅದನ್ನು ಅಪರಾಧವೆಂದು ನಾವು ಯಾರೂ ಎಣಿಸಿರಲೇ ಇಲ್ಲ. ಡಬಲ್ ರೋಡ್ ಮೇಲ್ಸೇತುವೆಯ ನಡುವಿನ ಕಲ್ಲುಗಳನ್ನು ಸರಿಸಿ, ಬೈಕು ತಿರುಗಿಸಿಕೊಂಡು, ಕಲ್ಲನ್ನು ದಾರಿಯಲ್ಲಿಯೇ ಬಿಟ್ಟು ಹೋಗುವುದು, ಅಷ್ಟೆ. ಅಂಥವರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ. ದೂರದ ಊರಿನ ಸರಣಿ ಹಂತಕನಿಗೆ ಹೆದರದ ತಮ್ಮನು ಆ ಸಿನಿಮಾ ಮುಗಿಸಿ ಹೊರಬಂದಾಗ, ಅರ್ಧ ಕಿಲೋಮೀಟರ್ ಉಳಿಯುವ ತಿರುವನ್ನು ಬಿಟ್ಟು, ಸಿಗ್ನಲ್ಲಿನವರೆಗೂ ಹೋಗಿ, ಹಸಿರು ದೀಪಕ್ಕಾಗಿ ಕಾದು, ಶಾಸ್ತ್ರೋಕ್ತವಾಗಿ ತಿರುಗಿಸಿಕೊಂಡು ಮನೆಗೆ ಬಂದನು. ಅಕ್ಕನ ಪ್ರಕಾರ ಥ್ರಿಲ್ಲರ್ ಎಂದರೆ ಅದು. ಕೊಲೆಗಾರ ಯಾರೆಂಬ ಹೆದರಿಕೆಗಿಂತ ಮುಂದಿನ ಹೆಣ ನಾನೇ ಆಗಬಹುದಿತ್ತೆಂಬ ಹೆದರಿಕೆ ದೊಡ್ಡದು. ಹಾಡೇ ಇಲ್ಲದೆ 1989ರಲ್ಲಿಯೇ ಸುನಿಲ್ ಕುಮಾರ್ ದೇಸಾಯಿ ಅವರು ಮಾಡಿದ 'ತರ್ಕ'ವನ್ನು ನಾನು ನೆನಪಿಸಿದೆ. ಇಬ್ಬರೂ ತಲೆಯಾಡಿಸಿದರು. ಒಪ್ಪಿಗೆಯಾದ ವಿಷಯವನ್ನು ನಮ್ಮ ಮನೆಯಲ್ಲಿ ಹೆಚ್ಚು ಹೊತ್ತು ಮಾತನಾಡುವ ಪದ್ಧತಿಯಿಲ್ಲ.

ಕೊನೆಗೆ ಬಂದದ್ದು 'ದೃಶ್ಯ'. 2013ರ ಮಲಯಾಳಂ ಮೂಲ 2014ರಲ್ಲಿ ಕನ್ನಡಕ್ಕೆ ಬಂದು, ಹಿಂದಿ, ತಮಿಳು, ತೆಲುಗುಗಳನ್ನು ಮುಗಿಸಿ, ಸಿಂಹಳಕ್ಕೂ ಚೀನೀ ಭಾಷೆಗೂ ಹೋಗಿರುವುದನ್ನು ತಮ್ಮನು ಲೆಕ್ಕ ಹಾಕಿ ಹೇಳುತ್ತಾ, ಮೂಲದ ನಾಯಕ ಜಾರ್ಜ್‌ಕುಟ್ಟಿ ಓದಿದ್ದು ನಾಲ್ಕನೆಯ ತರಗತಿ ಮಾತ್ರ, ಪೊಲೀಸರನ್ನು ಏಮಾರಿಸುವ ವಿದ್ಯೆಯನ್ನೆಲ್ಲ ಅವನು ಸಿನಿಮಾ ನೋಡಿಯೇ ಕಲಿತನೆಂದು ಎದೆಯುಬ್ಬಿಸಿದನು. ಹಿತ್ತಲಿನಿಂದ ಕರಿಬೇವು ಹಿಡಿದು ಬಂದ ಅಮ್ಮ ಬಾಗಿಲಲ್ಲಿ ನಿಂತು ನಮ್ಮ ಮೂವರನ್ನೂ ಒಂದು ಸಲ ನೋಡಿ, "ನೀವೂ ಅಷ್ಟೇ ಸಿನಿಮಾ ನೋಡಿದ್ದೀರಿ. ಒಂದು ಬೋಗುಣಿ ಕಾಳು ಹಿತಕುವುದು ಇನ್ನೂ ಬಂದಿಲ್ಲ" ಎಂದು ಒಳಗೆ ಹೋದಳು.

ಮರುಕ್ಷಣವೇ ಅಡುಗೆಮನೆಯಿಂದ ಅವಳ ದನಿ ಏರಿತು. ತಟ್ಟೆಯಲ್ಲಿದ್ದ ಸಕ್ಕರೆ ಅಚ್ಚುಗಳ ಪೈಕಿ ಆನೆಯ ಆಕಾರದವು ಎರಡು ಕಾಣೆಯಾಗಿದ್ದವು.

ಬಾಲ್ಯದ ದಾಖಲೆಗಳನ್ನು ನೋಡಿದರೆ ಸಂದೇಹ ಹೋಗಬೇಕಾದದ್ದು ತಮ್ಮನ ಮೇಲೆಯೇ, ಮತ್ತು ನಾನು ಆ ದಿಕ್ಕಿಗೆ ಒಂದು ಅರ್ಥಗರ್ಭಿತ ನೋಟವನ್ನು ಬೀರಿದ್ದೂ ನಿಜ. ಅಕ್ಕ ಮಾತ್ರ ಬೆರಳ ತುದಿಯ ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿಕೊಳ್ಳುತ್ತಾ ನನ್ನ ಕಡೆಗೆ ತಿರುಗಿದಳು.

"ನೀನು ನೀರು ಕುಡಿಯುವುದಕ್ಕೆ ಅಡುಗೆಮನೆಗೆ ಹೋಗಿದ್ದೆ, ಅಲ್ಲವೇನೋ?"

"ಹೌದು" ಎಂದೆ.

"ನೀರಿನ ಫಿಲ್ಟರ್ ಇಲ್ಲಿ, ಇವನ ಬೆನ್ನ ಹಿಂದೆ ಇದೆ. ಆಮೇಲೆ ಹಾಲು ನೋಡುವುದಕ್ಕೆ ಹೋದೆ. ಅಮ್ಮ ಕಾಫಿ ಮಾಡಿ ಒಲೆ ಆರಿಸಿ ಎಷ್ಟು ಹೊತ್ತಾಗಿತ್ತು? ಕಥೆಯಲ್ಲಿ ಕೆಲಸವಿಲ್ಲದೆ ಎರಡು ಸಲ ಎದ್ದುಹೋದ ಪಾತ್ರ, ಕಾಣೆಯಾದ ಆನೆಗಳೂ ಎರಡು."

ಸಕ್ಕರೆ ಬಿಡಬೇಕೆಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿರುವಾಗ ಅಪರಾಧದ ಉದ್ದೇಶವನ್ನು ಬೇರೆ ಹುಡುಕಬೇಕಾಗಿರಲಿಲ್ಲ. ಓದುಗರಿಂದ ನಾನು ಯಾವ ಸುಳಿವನ್ನೂ ಮುಚ್ಚಿಟ್ಟಿಲ್ಲವೆಂಬುದೊಂದೇ ನನ್ನ ಸಮಾಧಾನ. ತಮ್ಮನು ಮಾತ್ರ ಬಹಳ ಗೌರವದಿಂದ ನನ್ನ ಮೀಸೆಯ ತುದಿಯನ್ನು ನೋಡುತ್ತಾ, "ಅಣ್ಣ, ಇದಕ್ಕೆ ಎರಡನೆಯ ಭಾಗ ಇದೆಯೇ?" ಎಂದು ಕೇಳಿದನು.

"ಇಲ್ಲ" ಎಂದು ಅಕ್ಕನೇ ಉತ್ತರ ಕೊಟ್ಟು, ಎದ್ದುಹೋಗಿ, ಅಚ್ಚುಗಳ ತಟ್ಟೆಯನ್ನು ತಂದು ತನ್ನ ಮಗ್ಗುಲಲ್ಲಿ ಇಟ್ಟುಕೊಂಡು, ಉಳಿದ ಕಾಳನ್ನು ಹಿತಕಲು ಕುಳಿತಳು.