ಅಪ್‌ಡೇಟ್: ಲಂಡನ್‌ಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ ಏಕೆ?

ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿ.ಮೀ.; ದೂರ ಒಂದೇ ಆಗಿರುವಾಗ ಸಮಯ ಏಕೆ ಬೇರೆ ಎಂದು ಕೇಳಿದ್ದೆ. ಅಮ್ಮನೊಂದಿಗೆ ಅಕ್ಕನ ಮನೆಗೆ ಹೋಗಿ ಬಂದಾಯಿತು. ಗಾಳಿಯ ಕಾರಣ ಕೊಟ್ಟವರ ಮಾತೇ ನಿಜ. ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ವೇಗ ಹೋಗುವಾಗ ಗಂಟೆಗೆ 820 ಕಿ.ಮೀ. ಸುತ್ತಲೇ ಹೊಯ್ದಾಡುತ್ತಿತ್ತು, ಬರುವಾಗ ಒಂದು ಹಂತದಲ್ಲಿ 1,040 ದಾಟಿತು. ಅಮ್ಮ ನಿದ್ದೆ ಬಿಟ್ಟು ಅದನ್ನೇ ನೋಡುತ್ತಾ ಕುಳಿತಿದ್ದರು. ಹೋಗಲು ಹತ್ತೂವರೆ ಗಂಟೆಗೂ ಹೆಚ್ಚು ಹಿಡಿಯಿತು, ಬರುವಾಗ ಸುಮಾರು ಒಂದು ಗಂಟೆ ಉಳಿಯಿತು. ಜಯನಗರದಿಂದ ದೇವನಹಳ್ಳಿಯ ನಿಲ್ದಾಣ ತಲುಪಲು ಹಿಡಿದ ಎರಡು ಗಂಟೆ ಇದರಲ್ಲಿ ಸೇರಿಲ್ಲ!

ಟಿಕೆಟ್ ನೋಡುವಾಗ ಜೋಪಾನ. ಅದರಲ್ಲಿರುವುದು ಆಯಾ ಊರಿನ ಸಮಯ. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅದನ್ನು ಗಮನಿಸದ ಚಿಕ್ಕಪ್ಪ, ‘ಐದೇ ಗಂಟೆಯಲ್ಲಿ ಲಂಡನ್ನೇ?’ ಎಂದು ಹುಬ್ಬೇರಿಸಿದ್ದರು. ವಯಸ್ಸಾದವರನ್ನು ಕರೆದೊಯ್ಯುವವರು ಗಾಲಿಕುರ್ಚಿಯನ್ನು ಟಿಕೆಟ್ ಕಾಯ್ದಿರಿಸುವಾಗಲೇ ಕೇಳಿಬಿಡಿ; ಹೀಥ್ರೂನಲ್ಲಿ ನಡೆಯುವ ದೂರವೇನೂ ಕಡಿಮೆಯಿಲ್ಲ.