‘ಮರುಳುಮಾಡು’ ಸಾಕೇ? ಲಾಕ್ಲೊನ ಒಂದು ಕ್ರಿಯಾಪದಕ್ಕೆ ಕನ್ನಡ

ಫ್ರೆಂಚ್ ಲೇಖಕ ಲಾಕ್ಲೊ 1782ರಲ್ಲಿ ಪ್ರಕಟಿಸಿದ ‘ಲೆ ಲಿಯೇಝೋಂ ದಾಂಝರಜ್’ (ಅಪಾಯಕಾರಿ ಒಡನಾಟಗಳು) ಕಾದಂಬರಿಯ ಕೆಲವು ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. 175 ಪತ್ರಗಳ ಈ ಪುಸ್ತಕದಲ್ಲಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತಿರುವುದು ‘ಸೆದ್ವಿರ್’ ಎಂಬ ಕ್ರಿಯಾಪದ. ಇಂಗ್ಲಿಷಿನ ‘ಸೆಡ್ಯೂಸ್’ ಇದರ ಒಡಹುಟ್ಟು; ಎರಡರ ಮೂಲವಾದ ಲ್ಯಾಟಿನ್ ಪದಕ್ಕೆ ‘ಪಕ್ಕಕ್ಕೆ ಕರೆದೊಯ್ಯು’ ಎಂದರ್ಥ. ಮರುಳುಮಾಡು, ಮೋಹಗೊಳಿಸು, ಪುಸಲಾಯಿಸು, ಬಲೆಗೆ ಬೀಳಿಸು, ಶೀಲಗೆಡಿಸು ಎಂಬವು ನನಗೆ ತಟ್ಟನೆ ಹೊಳೆದ ಕನ್ನಡ ಪದಗಳು. ಇವುಗಳಲ್ಲಿ ಯಾವುದೂ ಪೂರ್ತಿ ಹೊಂದುವುದಿಲ್ಲ ಎಂಬುದು ನನ್ನ ಅನುಭವ.

‘ಮರುಳುಮಾಡು’ ಎಂಬುದನ್ನೇ ನೋಡೋಣ. ಮರುಳು ಎಂದರೆ ಬುದ್ಧಿ ಮಂಕಾಗುವುದು. ಮರುಳಾದವರಿಗೆ ತಾವೇನು ಮಾಡುತ್ತಿದ್ದೇವೆಂಬ ಅರಿವಿರುವುದಿಲ್ಲ. ಆದರೆ ಹೆಣ್ಣುಗಳನ್ನು ಗೆಲ್ಲುವುದನ್ನೇ ಕಸುಬಾಗಿಸಿಕೊಂಡ ಕಾದಂಬರಿಯ ನಾಯಕ ವಾಲ್ಮೊಂ ಬಯಸುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ದೈವಭಕ್ತೆಯೂ ಪತಿನಿಷ್ಠೆಯೂ ಆದ ತೂರ್ವೆಲ್ ಸದ್ಗುಣದಲ್ಲಿ ನಂಬಿಕೆಯಿಟ್ಟುಕೊಂಡೇ ಇರಲಿ, ಆದರೆ ಆ ಸದ್ಗುಣವನ್ನು ತನಗಾಗಿ ಬಲಿಕೊಡಲಿ ಎಂದು ಅವನು ಆರನೆಯ ಪತ್ರದಲ್ಲೇ ಬರೆಯುತ್ತಾನೆ. ಆಕೆ ಎಚ್ಚರದಲ್ಲಿರಬೇಕು, ಪಾಪಪ್ರಜ್ಞೆಯಿಂದ ನರಳಬೇಕು, ಆದರೂ ಸೋಲಬೇಕು. ಇಪ್ಪತ್ತೊಂದನೆಯ ಪತ್ರದಲ್ಲಿ, ಆಕೆಯ ಆಳು ತನ್ನ ಬೆನ್ನುಹತ್ತಿರುವುದನ್ನು ಚೆನ್ನಾಗಿ ತಿಳಿದೇ ಅವನು ಒಂದು ಹಳ್ಳಿಗೆ ಹೋಗಿ, ತೆರಿಗೆ ಕಟ್ಟಲಾಗದೆ ಸಾಮಾನು ಜಪ್ತಿಯಾಗುತ್ತಿದ್ದ ಬಡ ಕುಟುಂಬದ ಪರವಾಗಿ 56 ಲಿವ್ರ್ (ಆಗಿನ ಫ್ರೆಂಚ್ ಹಣ) ಕಟ್ಟುತ್ತಾನೆ. ಮನೆಯವರು ಕಾಲಿಗೆ ಬೀಳುತ್ತಾರೆ. ಅವನ ಕಣ್ಣೂ ತೇವವಾಗುತ್ತದೆ. ದಾನ ನಿಜ, ಕಣ್ಣೀರೂ ನಿಜ, ಆದರೆ ಎಲ್ಲವೂ ಆಳಿನ ಬಾಯಿಂದ ಆಕೆಯ ಕಿವಿಗೆ ತಲುಪಲೆಂದೇ ನಡೆದದ್ದು. ಇದನ್ನು ‘ಮರುಳುಮಾಡಿದ’ ಎಂದರೆ ಅವನ ಲೆಕ್ಕಾಚಾರವೆಲ್ಲ ಮರೆಯಾಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ತೊಡಕು ವ್ಯಾಕರಣದ್ದು. ಮಾತಿನಲ್ಲಿ ನಾವು ಹೆಚ್ಚಾಗಿ ಹೇಳುವುದು ‘ಮರುಳಾದಳು’, ‘ಮೋಸಹೋದಳು’, ‘ಬಲೆಗೆ ಬಿದ್ದಳು’, ‘ದಾರಿತಪ್ಪಿದಳು’, ‘ಕೆಟ್ಟಳು’ ಎಂದು. ಪ್ರತಿ ವಾಕ್ಯದಲ್ಲೂ ಕರ್ತೃಪದ ಅವಳೇ. ಕೆಡಿಸಿದವನಿಗೆ ಅಲ್ಲಿ ಜಾಗವೇ ಇಲ್ಲ. ಪತ್ರಗಳಲ್ಲಿ ಒಂದೊಂದು ಹೆಜ್ಜೆಯನ್ನೂ ಹಮ್ಮಿನಿಂದ ದಾಖಲಿಸಿಟ್ಟ ಮನುಷ್ಯನನ್ನು ನಮ್ಮ ಅಕರ್ಮಕ ಕ್ರಿಯಾಪದಗಳು ಹೀಗೆ ಬಿಡುಗಡೆ ಮಾಡಿಬಿಡುವುದು ನನಗೆ ಸಹಿಸಲಾಗದ ವಿಷಯ. ಹಾಗಾಗಿ ಮಾಡಿದವನನ್ನು ಮುಂದೆ ತರುವ ‘-ಇಸು’ ಪ್ರತ್ಯಯವನ್ನು (ಒಲಿ, ಒಲಿಸು) ಎಲ್ಲಿಯೂ ಕೈಬಿಡಬಾರದೆಂದು ನಿರ್ಧರಿಸಿದ್ದೇನೆ.

ಒಂದು ಕಡೆ ಮಾತ್ರ ಈ ಪದಗಳಲ್ಲಿ ಯಾವುದನ್ನೂ ಬಳಸಲಾರೆ. ಕಾನ್ವೆಂಟಿನಿಂದ ಆಗತಾನೇ ಹೊರಬಂದ ಸೆಸಿಲ್‌ಳ ಕೋಣೆಗೆ ವಾಲ್ಮೊಂ ರಾತ್ರಿ ಬೀಗದ ಕೈ ಬಳಸಿ ನುಗ್ಗಿ, ಅವಳು ಗಂಟೆಯ ಹಗ್ಗದ ಕಡೆ ಕೈಚಾಚಿದಾಗ, ಜನ ಬಂದರೆ ನಿನ್ನ ಒಪ್ಪಿಗೆಯಿಲ್ಲದೆ ನಾನಿಲ್ಲಿ ಬಂದೆನೆಂದು ಯಾರು ನಂಬುತ್ತಾರೆ ಎಂದು ಹೆದರಿಸುವ 96ನೆಯ ಪತ್ರ ಅದು. ಅವನ ನುಣುಪಾದ ಫ್ರೆಂಚನ್ನು ಎಷ್ಟು ನಿಷ್ಠೆಯಿಂದ ಅನುವಾದಿಸಿದರೂ ನಡೆದದ್ದು ಬಲಾತ್ಕಾರವೆಂಬುದು ಓದುಗರಿಗೆ ಕಾಣಲೇಬೇಕು.

ತೂರ್ವೆಲ್‌ಳ ಪ್ರಸಂಗಕ್ಕೆ ಸದ್ಯ ನಾನು ಆರಿಸಿಕೊಂಡಿರುವುದು ‘ಒಲಿಸಿ ಕೆಡಹು’. ಮೊದಲು ‘ಒಲಿಸಿ ಕೆಡಿಸು’ ಎಂದು ಬರೆದಿದ್ದೆ. ಆದರೆ ಕೆಡಿಸಿದ ಎಂದೊಡನೆ ಅವಳು ಕೆಟ್ಟವಳಾದಳೆಂಬ ಕಳಂಕ ಅಂಟುತ್ತದೆ. ‘ಕೆಡಹು’ ಎಂಬಲ್ಲಿ ಅದಿಲ್ಲ. ಜಿಂಕೆಯನ್ನು ಕೆಡಹುವಂತೆ, ಜಟ್ಟಿಯನ್ನು ಕೆಡಹುವಂತೆ, ಅಲ್ಲಿ ಹೊಡೆದವನ ಕೈ ಮಾತ್ರ ಕಾಣುತ್ತದೆ. ವಾಲ್ಮೊಂನ ಮಾತಿಗೂ ಇದು ಹತ್ತಿರ: ಹೊಂಚುಹಾಕಿ ಜಿಂಕೆ ಕೊಲ್ಲುವುದು ಕಳ್ಳಬೇಟೆಗಾರನ ಕೆಲಸ, ನಿಜವಾದ ಬೇಟೆಗಾರ ಅದನ್ನು ಓಡಿಸಿ ದಣಿಸಿಯೇ ಹಿಡಿಯಬೇಕು ಎನ್ನುತ್ತಾನೆ ಅವನು, ಆಕೆ ಸೋತ ಮರುದಿನ ತನ್ನನ್ನು ಸೇನಾನಿ ತ್ಯುರೆನ್‌ಗೂ ಫ್ರೆಡರಿಕ್ ದೊರೆಗೂ ಹೋಲಿಸಿಕೊಳ್ಳುತ್ತಾನೆ. ಲಾಕ್ಲೊ ಸ್ವತಃ ಫಿರಂಗಿದಳದ ಅಧಿಕಾರಿಯಾಗಿದ್ದವನು. (ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರಣಯ, ‘ಬೇಂಟೆ’ ಎಂದರೆ ಮೃಗಯೆ. ಈ ಪತ್ರಗಳನ್ನು ಓದುವಾಗ ಆ ಎರಡು ಪದಗಳು ಒಟ್ಟೊಟ್ಟಿಗೆ ಕಿವಿಯಲ್ಲಿ ಮೊಳಗುತ್ತವೆ.)

ಇನ್ನು 141ನೆಯ ಪತ್ರ. ವಾಲ್ಮೊಂನ ಹಳೆಯ ಪ್ರೇಯಸಿಯೂ ಸಂಚಿನ ಜೊತೆಗಾರ್ತಿಯೂ ಆದ ಮೆರ್ತೆಯ್ ಒಂದು ಕ್ರೂರವಾದ ಬೀಳ್ಕೊಡುಗೆಯ ಒಕ್ಕಣೆಯನ್ನು ಬರೆದು ಕಳಿಸುತ್ತಾಳೆ, ವಾಲ್ಮೊಂ ಅದನ್ನು ಹಾಗೆಯೇ ನಕಲು ಮಾಡಿ ತೂರ್ವೆಲ್‌ಗೆ ರವಾನಿಸುತ್ತಾನೆ. ಪ್ರತಿ ಚರಣದ ಕೊನೆಗೆ ‘ಅದು ನನ್ನ ತಪ್ಪಲ್ಲ’ ಎಂಬ ಪಲ್ಲವಿ. ‘ನಾನೇನು ಮಾಡಲಿ’ ಎಂಬುದು ಹೆಚ್ಚು ಸಹಜ ಕನ್ನಡವಾದರೂ ‘ತಪ್ಪು’ ಎಂಬ ಪದ ಕಿವಿಗೆ ಬೀಳಲೇಬೇಕಾದ್ದರಿಂದ ಅದನ್ನು ಬಿಟ್ಟೆ. ಅಲ್ಲಿಯವರೆಗೂ ಆಕೆಗೆ ‘ನೀವು’ ಎಂದೇ ಬರೆಯುತ್ತಿದ್ದವನು ಈ ಒಂದು ಒಕ್ಕಣೆಯಲ್ಲಿ ‘ನೀನು’ ಎನ್ನುತ್ತಾನೆ. ಇಂಗ್ಲಿಷಿನ ‘ಯೂ’ ಎರಡಕ್ಕೂ ಒಂದೇ. ನಮ್ಮಲ್ಲಿ ಆ ಪೆಟ್ಟು ಹಾಗೆಯೇ ಬೀಳುತ್ತದೆ.

ಕಾದಂಬರಿಯ ಶೀರ್ಷಿಕೆಯಲ್ಲಿರುವ ‘ಲಿಯೇಝೋಂ’ಗೆ ‘ಸಂಬಂಧ’ಕ್ಕಿಂತ ‘ಸಹವಾಸ’ ಲೇಸೆನಿಸಿದೆ; ‘ಸಂಬಂಧ’ ಎಂದರೆ ಪತ್ರಿಕೆಗಳ ‘ಅಕ್ರಮ ಸಂಬಂಧ’ ನೆನಪಾಗುತ್ತದೆ, ಮೂಲದಲ್ಲಿರುವುದಾದರೋ ಒಡನಾಟದ ಕೇಡು.

ಉಳಿದ ತೊಡಕು ನಾಮಪದದ್ದು. ‘ಒಲಿಸಿ ಕೆಡಹುವಿಕೆ’ ಎಂಬುದು ಬಾಯಲ್ಲಿ ನಿಲ್ಲುವುದಿಲ್ಲ, ‘ವಶೀಕರಣ’ದಲ್ಲಿ ಮಂತ್ರತಂತ್ರದ ವಾಸನೆಯಿದೆ, ‘ಪ್ರಲೋಭನೆ’ಯಲ್ಲಿ ಹಣದಾಸೆಯೂ ಸೇರುತ್ತದೆ. ನಿಮ್ಮ ಊರಿನ ಮಾತಿನಲ್ಲಾಗಲಿ ಹಳೆಯ ಕಾವ್ಯದಲ್ಲಾಗಲಿ, ಎಚ್ಚರದಲ್ಲಿರುವವರನ್ನು ಒಲುಮೆಯ ಹೆಸರಿನಲ್ಲಿ ಬೇಕೆಂದೇ ಬೀಳಿಸುವ ಕೆಲಸಕ್ಕೆ ಒಂದೇ ಪದವಿದ್ದರೆ, ಅದು ಬಳಕೆಯಾದ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.