ಥಾಯ್ಲೆಂಡ್ ಮೇಲೆ ಗೆದ್ದಾಯ್ತು, ಮುಂದಿನ ನಾಯಕಿಯರು ಎಲ್ಲಿಂದ ಬರುತ್ತಾರೆ?

ಮಲೆನಾಡ್ ಮಿಡ್‌ಫೀಲ್ಡರ್:

ನಮಸ್ಕಾರ ಎಲ್ಲರಿಗೂ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ನಮ್ಮ ಭಾರತದ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡನ್ನು 2-1ರಿಂದ ಸೋಲಿಸಿದ್ದು ಇಲ್ಲಿ ಎಷ್ಟು ಜನ ನೋಡಿದಿರೋ ಗೊತ್ತಿಲ್ಲ. ಆಗ ಅವರ ರ‍್ಯಾಂಕಿಂಗ್ 46, ನಮ್ಮದು 70. ಅರ್ಹತಾ ಸುತ್ತು ಆಡಿ, ಗೆದ್ದು, ಏಷ್ಯನ್ ಕಪ್‌ಗೆ ಜಾಗ ಗಿಟ್ಟಿಸಿದ್ದು ಅದೇ ಮೊದಲು. 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ ಜೊತೆ ಒಂದೇ ಗುಂಪು.

ನನ್ನ ತಲೆಯಲ್ಲಿ ಉಳಿದಿರುವುದು ಗೋಲುಗಳಿಗಿಂತ ಆ ಎರಡನೇ ಅರ್ಧ. ಸಂಗೀತಾ ಬಾಸ್ಫೋರ್ ದೂರದಿಂದ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. ವಿರಾಮ ಮುಗಿದು ಎರಡು ನಿಮಿಷ ಆಗಿರಲಿಲ್ಲ, ಥಾಯ್ಲೆಂಡ್ ಸಮ ಮಾಡಿತು. ಮೊದಲೆಲ್ಲ ಇಂಥ ಹೊತ್ತಿನಲ್ಲಿ ನಮ್ಮ ತಂಡ ಹಿಂದೆ ಸರಿದು ಸರಿದು ಇನ್ನೆರಡು ಗೋಲು ತಿನ್ನುವುದನ್ನು ನೋಡಿದ್ದೇವೆ, ಅಲ್ವಾ? ಈ ಸಲ ಹಾಗಾಗಲಿಲ್ಲ. ಅದೇ ಸಂಗೀತಾ 74ನೇ ನಿಮಿಷದಲ್ಲಿ ಹೆಡರ್ ಹಾಕಿ ಪಂದ್ಯ ಗೆದ್ದುಕೊಟ್ಟರು. ಕ್ಯಾಪ್ಟನ್ ಸ್ವೀಟಿ ದೇವಿ.

ಈ ಗಟ್ಟಿತನ ಎಲ್ಲಿಂದ ಬರುತ್ತದೆ? ಬೆಂಗಳೂರಿನಲ್ಲಿ ನಡೆದ ಉದ್ದನೆಯ ಕ್ಯಾಂಪ್‌ನಿಂದಲೇ? ಕ್ಲಬ್ ಪಂದ್ಯಗಳಿಂದಲೇ? ಅಥವಾ ಒಬ್ಬಿಬ್ಬರು ಹುಟ್ಟುತ್ತಲೇ ಹಾಗಿರುತ್ತಾರೆಯೇ? ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನಾನು ಇಲ್ಲೊಂದು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಓಡುತ್ತಾರೆ, ಬೀಳುತ್ತಾರೆ, ಮತ್ತೆ ಏಳುತ್ತಾರೆ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಮೈದಾನಕ್ಕೆ ಇಳಿದರೆ ಒಬ್ಬಳೂ ಬಾಯಿ ಬಿಡುವುದಿಲ್ಲ. ತಪ್ಪಾದಾಗಲೆಲ್ಲ ಎಲ್ಲರೂ ನನ್ನ ಮುಖ ನೋಡುತ್ತಾರೆ. ರಾಷ್ಟ್ರೀಯ ತಂಡಕ್ಕೆ ನಾಯಕಿಯರನ್ನು ಬೆಳೆಸುವ ಕೆಲಸ ಎಲ್ಲಿ ಶುರುವಾಗಬೇಕು ಅಂತ ಬಲ್ಲವರು ಹೇಳಿ.

ಆಸ್ಟಿನ್ ಟೌನ್ ಅಕ್ಕ:

ಸರ್, ಪಂದ್ಯಗಳು. ನನ್ನ ಉತ್ತರ ಅಷ್ಟೇ, ಆದರೂ ಬಿಡಿಸಿ ಹೇಳುತ್ತೇನೆ.

ಇಂಡಿಯನ್ ವಿಮೆನ್ಸ್ ಲೀಗ್ (ಐಡಬ್ಲ್ಯೂಎಲ್) 2016-17ರಲ್ಲಿ ಶುರುವಾಯಿತು. ಆದರೆ ಎಷ್ಟೋ ವರ್ಷ ಅದು ಹೆಸರಿಗೆ ಮಾತ್ರ ಲೀಗ್. ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆಸಿ ಕೆಲವು ವಾರಗಳಲ್ಲಿ ಮುಗಿಸಿಬಿಡುತ್ತಿದ್ದರು. 2023-24ರಲ್ಲಿ ಮಾತ್ರ ತವರು ಮತ್ತು ಹೊರಗಿನ ಪಂದ್ಯಗಳ ಪದ್ಧತಿ ಬಂತು. ಇದು ಎಷ್ಟು ದೊಡ್ಡ ಬದಲಾವಣೆ ಅಂತ ಆಡಿದವರಿಗೆ ಗೊತ್ತು. ಒಂದು ಪಂದ್ಯ ಸೋತು, ಒಂದು ವಾರ ಆ ಸೋಲನ್ನು ಹೊತ್ತುಕೊಂಡು ಪ್ರಾಕ್ಟೀಸ್ ಮಾಡಿ, ಬೇರೆ ಊರಿಗೆ ರೈಲು ಹತ್ತಿ, ಅವರ ಜನರ ಮುಂದೆ ಮತ್ತೆ ಆಡಬೇಕು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಕುಸಿದಿದ್ದಾರೆ, ಯಾರನ್ನು ಮಾತಾಡಿಸಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಅನ್ನುವುದು ಆ ಒಂದು ವಾರದಲ್ಲಿ ತಿಳಿಯುತ್ತದೆ. ಕ್ಯಾಂಪ್‌ನಲ್ಲಿ ಫಿಟ್‌ನೆಸ್ ಬರುತ್ತದೆ, ಹೊಂದಾಣಿಕೆ ಬರುತ್ತದೆ. ಸೋತ ಮೇಲೆ ಏನು ಮಾಡಬೇಕು ಅನ್ನುವುದು ಸೋಲಲು ಅವಕಾಶ ಇರುವ ಕಡೆ ಮಾತ್ರ ಬರುತ್ತದೆ.

ಆ ಪಂದ್ಯದ ಹೊತ್ತಿನ ಕೋಚ್ ಕ್ರಿಸ್ಪಿನ್ ಛೆತ್ರಿ ಅವರನ್ನೇ ನೋಡಿ. ಒಡಿಶಾ ಎಫ್‌ಸಿಗೆ 2023-24ರ ಲೀಗ್ ಗೆಲ್ಲಿಸಿಕೊಟ್ಟು ಬಂದವರು. ಈ ಹುಡುಗಿಯರನ್ನು ಅವರು ಲೀಗಿನಲ್ಲಿ ನೋಡಿದ್ದರು, ಎದುರಿಗೆ ನಿಲ್ಲಿಸಿ ಆಡಿಸಿದ್ದರು. ಯಾರು ಒತ್ತಡ ತಡೆಯುತ್ತಾರೆ ಅಂತ ಟ್ರಯಲ್ಸ್ ಮಾಡಿ ಕಂಡುಹಿಡಿಯಬೇಕಾಗಿರಲಿಲ್ಲ.

ಇನ್ನು ನಿಮ್ಮ ಹುಡುಗಿಯರ ವಿಷಯ. ಮಾತು ತಾನಾಗೇ ಬರುವುದಿಲ್ಲ ಸರ್, ಪಾಸಿಂಗ್ ಕಲಿಸಿದ ಹಾಗೆಯೇ ಕಲಿಸಬೇಕು. ಮೊದಲು ಮೂರೇ ಮಾತು ಕೊಡಿ: 'ಮ್ಯಾನ್ ಆನ್', 'ಟೈಮ್', 'ಟರ್ನ್'. ನಿಮ್ಮ ಕಡೆ 'ಹಿಂದೆ', 'ಸಮಯ ಇದೆ', 'ತಿರುಗು' ಅಂದರೂ ಆಯಿತು. ಈ ಮಾತು ಹೇಳದೆ ಕೊಟ್ಟ ಪಾಸ್ ಪ್ರಾಕ್ಟೀಸ್‌ನಲ್ಲಿ ಲೆಕ್ಕಕ್ಕಿಲ್ಲ ಅಂತ ಮಾಡಿ. ಗೋಲ್‌ಕೀಪರ್‌ಗೆ ಇಡೀ ಮೈದಾನ ಕಾಣುತ್ತದೆ, ಅವಳು ಕೂಗಲೇಬೇಕು. ಆಮೇಲೆ ಹಾಫ್ ಟೈಮ್‌ನಲ್ಲಿ ನೀವು ತಕ್ಷಣ ಬಾಯಿ ಹಾಕಬೇಡಿ. ಮೊದಲ ಎರಡು ಮೂರು ನಿಮಿಷ ಅವರೇ ಮಾತಾಡಲಿ, ನೀವು ಪಕ್ಕದಲ್ಲಿ ನಿಂತು ಕೇಳಿ. ಮೊದಮೊದಲು ಯಾರೂ ಏನೂ ಹೇಳುವುದಿಲ್ಲ, ನೀರು ಕುಡಿದು ನೆಲ ನೋಡುತ್ತಾ ಕೂರುತ್ತಾರೆ. ಆ ಮೌನಕ್ಕೆ ಹೆದರಿ ನೀವು ಶುರು ಮಾಡಿದರೆ ಕೆಲಸ ಕೆಟ್ಟಿತು.

ಕ್ಯಾಪ್ಟನ್ ಆರ್ಮ್‌ಬ್ಯಾಂಡ್ ಎಲ್ಲರ ತೋಳಿಗೂ ಒಂದೊಂದು ಸಲ ಕಟ್ಟಿ. ಚೆನ್ನಾಗಿ ಆಡುವವಳಿಗೇ ಪ್ರತಿ ಸಲ ಕಟ್ಟಿದರೆ ಮಿಕ್ಕವರು ಯೋಚನೆ ಮಾಡುವುದನ್ನೇ ಬಿಡುತ್ತಾರೆ.

ಕಲ್ಕತ್ತಾ ಕನ್ನಡಿಗ:

ಅಕ್ಕ ಹೇಳಿದ್ದು ಸರಿ. ಜೊತೆಗೆ ಕಠ್ಮಂಡುವಿನ ಆ ರಾತ್ರಿ ನೆನಪಿಸುತ್ತೇನೆ. 2024ರ ಅಕ್ಟೋಬರ್, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಸೆಮಿಫೈನಲ್, ಎದುರಿಗೆ ನೇಪಾಳ, ದಶರಥ ಸ್ಟೇಡಿಯಂ ತುಂಬಿತ್ತು. ಸಂಗೀತಾ ಗೋಲು ಹೊಡೆದರು. ನಮ್ಮವರು ಸಂಭ್ರಮದಲ್ಲಿ ಇರುವಾಗಲೇ ನೇಪಾಳ ಆಟ ಶುರು ಮಾಡಿ ಚೆಂಡನ್ನು ಬಲೆಗೆ ಹಾಕಿತು, ರೆಫರಿ ಅದನ್ನು ಒಪ್ಪಲಿಲ್ಲ. ಅಲ್ಲಿಂದ ಗಲಾಟೆ. ಒಂದು ಗಂಟೆಗೂ ಜಾಸ್ತಿ ಹೊತ್ತು ಪಂದ್ಯ ನಿಂತಿತು. ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೇ ನೇಪಾಳದ ಸಾಬಿತ್ರಾ ಭಂಡಾರಿ ಸಮ ಮಾಡಿದರು, ನಾವು ಪೆನಾಲ್ಟಿಯಲ್ಲಿ ಸೋತೆವು.

ಆ ಒಂದು ಗಂಟೆ ತಂಡವನ್ನು ಬೆಚ್ಚಗೆ ಇಡುವುದು, ಸ್ಕೋರ್ ಮರೆಯದ ಹಾಗೆ, ಹಾಗಂತ ಅದರಲ್ಲೇ ಮುಳುಗದ ಹಾಗೆ ನೋಡಿಕೊಳ್ಳುವುದು ಕೋಚ್ ಒಬ್ಬರ ಕೈಲಿ ಆಗುವ ಕೆಲಸವಲ್ಲ. ಮೈದಾನದ ಒಳಗೆ ಮೂರು ನಾಲ್ಕು ಜನ ಬೇಕು. ಚಿಯಾಂಗ್ ಮಾಯ್‌ನಲ್ಲಿ ಸಮ ಆದ ಮೇಲೂ ತಂಡ ಅಲುಗಾಡಲಿಲ್ಲ ಅಂದರೆ, ಕಠ್ಮಂಡುವಿನ ಪಾಠ ಆ ಹುಡುಗಿಯರ ಒಳಗೆ ಇಳಿದಿತ್ತು ಅಂತಲೇ ನನ್ನ ನಂಬಿಕೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. 2024ರ ಶುರುವಿನಿಂದ ಒಂದೂವರೆ ವರ್ಷದೊಳಗೆ ಈ ತಂಡ ನಾಲ್ಕು ಕೋಚ್‌ಗಳನ್ನು ಕಂಡಿದೆ: ಚಾವೋಬಾ ದೇವಿ, ಸಂತೋಷ್ ಕಶ್ಯಪ್, ಜೋಕಿಮ್ ಅಲೆಕ್ಸಾಂಡರ್‌ಸನ್, ಆಮೇಲೆ ಛೆತ್ರಿ. ಚಾವೋಬಾ ಅವರ ಕೈಕೆಳಗೆ ಟರ್ಕಿಯಲ್ಲಿ ಎಸ್ಟೋನಿಯಾವನ್ನು 4-3ರಿಂದ ಸೋಲಿಸಿದ್ದು ಸಣ್ಣ ಸಾಧನೆ ಏನಲ್ಲ, ಆದರೂ ಮುಂದಿನ ದೊಡ್ಡ ಟೂರ್ನಿಗೆ ಬೇರೆ ಕೋಚ್. ಹೀಗೆ ಮೇಲಿನವರು ಬದಲಾಗುತ್ತಲೇ ಇದ್ದರೆ ತಂಡದ ನೆನಪು ಉಳಿಯುವುದು ಹಿರಿಯ ಆಟಗಾರ್ತಿಯರಲ್ಲಿ ಮಾತ್ರ. ಬೆಂಬೆಮ್ ದೇವಿ, ಬಾಲಾ ದೇವಿ, 100 ಅಂತರರಾಷ್ಟ್ರೀಯ ಪಂದ್ಯ ದಾಟಿದ ಆಶಾಲತಾ ದೇವಿ, ಎಲ್ಲರೂ ಮಣಿಪುರದವರು. ಬೆಂಬೆಮ್, ಬಾಲಾ ಇಬ್ಬರೂ ಮಣಿಪುರ ಪೊಲೀಸ್‌ನಲ್ಲಿ ಕೆಲಸ ಸಿಕ್ಕವರು. ಕೆಲಸ ಇದ್ದಿದ್ದರಿಂದ ಅಷ್ಟು ವರ್ಷ ಆಡಲು ಆಯಿತು. 22ಕ್ಕೆ ಆಟ ಬಿಟ್ಟು ಮನೆಗೆ ಹೋದವಳು 30ರ ಹಿರಿಯಕ್ಕ ಆಗುವುದು ಹೇಗೆ? 2023ರಲ್ಲಿ ಫೆಡರೇಷನ್ ಹೇಳಿತು, ಪ್ರತಿ ಐಡಬ್ಲ್ಯೂಎಲ್ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ಕೊಡಬೇಕು ಅಂತ. ನಾಯಕತ್ವದ ತರಬೇತಿಗಿಂತ ಈ ಸಂಬಳ ಮುಖ್ಯ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಸೆಕೆಂಡ್ ಬಾಲ್:

ಕ್ಯಾಂಪ್ ಬೇಡ ಅನ್ನುವ ಹಾಗೆ ಮಾತು ಹೋಗುತ್ತಿದೆ, ಅದನ್ನು ನಾನು ಒಪ್ಪುವುದಿಲ್ಲ. ಬಾಂಗ್ಲಾದೇಶ ನೋಡಿ. ಅಲ್ಲಿ ಹೇಳಿಕೊಳ್ಳುವಂಥ ಮಹಿಳಾ ಲೀಗ್ ಇಲ್ಲ. ಢಾಕಾದಲ್ಲಿ ಫೆಡರೇಷನ್ನಿನ ಕ್ಯಾಂಪ್‌ನಲ್ಲೇ ಹುಡುಗಿಯರು ವರ್ಷಗಟ್ಟಲೆ ಒಟ್ಟಿಗೆ ಇದ್ದು ಬೆಳೆದರು. ಮೈಮೆನ್‌ಸಿಂಗ್ ಕಡೆಯ ಕಲ್ಸಿಂದೂರ್ ಅನ್ನುವ ಒಂದೇ ಹಳ್ಳಿಯ ಶಾಲೆಯಿಂದ ಎಷ್ಟೋ ಮಂದಿ ಬಂದರು. 2010ರಿಂದ ಸತತ ಐದು ಸಲ ಸ್ಯಾಫ್ ಗೆದ್ದ ನಮ್ಮನ್ನು ಹಿಂದೆ ಹಾಕಿ 2022, 2024 ಎರಡೂ ಸಲ ಕಪ್ ಎತ್ತಿದವರು ಅವರೇ.

ಆದರೆ ಅದರ ಇನ್ನೊಂದು ಮುಖವೂ ಇದೆ. 2025ರ ಜನವರಿಯಲ್ಲಿ 18 ಆಟಗಾರ್ತಿಯರು ಕೋಚ್ ಪೀಟರ್ ಬಟ್ಲರ್ ಅವರ ಕೈಕೆಳಗೆ ಪ್ರಾಕ್ಟೀಸ್ ಮಾಡುವುದಿಲ್ಲ ಅಂತ ನಿಂತರು. ಅದರಲ್ಲಿ ಎರಡು ಸಲ ಕಪ್ ಎತ್ತಿದ ಕ್ಯಾಪ್ಟನ್ ಸಬೀನಾ ಖಾತೂನ್ ಕೂಡ ಇದ್ದರು. ಕೋಚ್ ಉಳಿದರು. ಸಬೀನಾ ಇಲ್ಲದೆ, ಎಳೆ ವಯಸ್ಸಿನ ಅಫೀದಾ ಖಂದಕಾರ್ ಕ್ಯಾಪ್ಟನ್ ಆಗಿ, ಅದೇ ತಂಡ ಜುಲೈನಲ್ಲಿ ಮ್ಯಾನ್ಮಾರ್ ಸೋಲಿಸಿ ಮೊದಲ ಸಲ ಏಷ್ಯನ್ ಕಪ್‌ಗೆ ಬಂತು. ಕೋಚ್ ಸರಿಯೋ ಹುಡುಗಿಯರು ಸರಿಯೋ ಅಂತ ಇಲ್ಲಿ ಕೂತು ತೀರ್ಮಾನಿಸಲು ನನಗೆ ಇಷ್ಟವಿಲ್ಲ. ಮಾತಾಡಬಲ್ಲ ಹುಡುಗಿಯರನ್ನು ಬೆಳೆಸಿದ ಮೇಲೆ ಅವರ ಮಾತು ಕೇಳಲು ಒಂದು ಜಾಗ ಇರಬೇಕು, ಇಲ್ಲದಿದ್ದರೆ ಅದು ಜಗಳವಾಗಿಯೇ ಹೊರಬರುತ್ತದೆ.

ನಮ್ಮಲ್ಲಿ ಇದು ಇನ್ನೂ ಗಂಭೀರ. 2022ರ ಅಂಡರ್-17 ವಿಶ್ವಕಪ್ ತಂಡ ನೆನಪಿದೆಯಾ? ಭುವನೇಶ್ವರದಲ್ಲಿ ಅಮೆರಿಕ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ಎಲ್ಲರೂ ಆ ಸ್ಕೋರ್ ಮಾತ್ರ ಹೇಳುತ್ತಾರೆ. ಅದೇ ವರ್ಷ, ಅದೇ ತಂಡದ ಸಹಾಯಕ ಕೋಚ್ ಒಬ್ಬನನ್ನು ದುರ್ವರ್ತನೆಯ ದೂರಿನ ಮೇಲೆ ಯುರೋಪ್ ಪ್ರವಾಸದ ಮಧ್ಯದಲ್ಲೇ ವಾಪಸ್ ಕಳಿಸಿ, ಆಮೇಲೆ ಕೆಲಸದಿಂದ ತೆಗೆದರು. ಹದಿನಾರರ ಹುಡುಗಿ ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ 'ಇದು ಸರಿಯಿಲ್ಲ' ಅಂತ ಹೇಳಬಲ್ಲಳೇ, ಹೇಳಿದರೆ ತಂಡದಲ್ಲಿ ಜಾಗ ಉಳಿಯುತ್ತದೆಯೇ? ಇಡೀ ಚರ್ಚೆಯಲ್ಲಿ ನನಗೆ ಇದೇ ದೊಡ್ಡ ಪ್ರಶ್ನೆ. ತಂಡದ ಜೊತೆ ಮಹಿಳಾ ಕೋಚ್, ಮಹಿಳಾ ಫಿಸಿಯೋ ಇರಬೇಕು ಅನ್ನುವುದು ಇದಕ್ಕೇ. ಸೀನಿಯರ್ ತಂಡದಲ್ಲಿ 2025ರಲ್ಲಿ ಪ್ರಿಯಾ ಪಿ.ವಿ. ಸಹಾಯಕ ಕೋಚ್ ಆಗಿದ್ದರು, ಕೇರಳದ ಕ್ಲಬ್ ಗೋಕುಲಂನಲ್ಲಿ ಕೋಚ್ ಆಗಿದ್ದವರು. ಇಂಥವರು ಜಿಲ್ಲೆ ಜಿಲ್ಲೆಯಲ್ಲೂ ಬೇಕು.

ಅಂದ ಹಾಗೆ, ಆ ಅಂಡರ್-17 ತಂಡದ ಕೆಲವರು 2025ರ ಆಗಸ್ಟ್‌ನಲ್ಲಿ ಯಾಂಗೊನ್‌ನಲ್ಲಿ ಮ್ಯಾನ್ಮಾರ್ ಸೋಲಿಸಿದ ಅಂಡರ್-20 ತಂಡದಲ್ಲೂ ಇದ್ದರು. ಆ ವಯೋಮಾನದ ಏಷ್ಯನ್ ಕಪ್‌ಗೆ ಭಾರತ ಜಾಗ ಗಿಟ್ಟಿಸಿದ್ದು 20 ವರ್ಷದ ಮೇಲೆ. 0-8 ಆದ ಮೇಲೆ ಅವರನ್ನು ಕೈಬಿಡದೆ ಆಡಿಸಿದ್ದಕ್ಕೆ ಸಿಕ್ಕ ಫಲ ಅದು.

ಲೆಫ್ಟ್ ಬ್ಯಾಕ್ ಲಕ್ಷ್ಮಿ:

ನಾನು ರಾಜ್ಯ ತಂಡಕ್ಕೆ ಆಡಿದವಳು, ಬಹಳ ವರ್ಷ ಆಯಿತು. ಮಲೆನಾಡ್ ಸರ್, ನಿಮಗೇ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಆಟ ಇಲ್ಲ ಅಂತಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಐಡಬ್ಲ್ಯೂಎಲ್ ಫೈನಲ್‌ವರೆಗೆ ಹೋಗಿ ಗೋಕುಲಂ ಎದುರು ಸೋತಿತು. ಥಾಯ್ಲೆಂಡಿಗೆ ಹೋಗುವ ಮೊದಲು ರಾಷ್ಟ್ರೀಯ ತಂಡ ಉಜ್ಬೇಕಿಸ್ತಾನ ಜೊತೆ ಸೌಹಾರ್ದ ಪಂದ್ಯ ಆಡಿದ್ದೂ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಸೆಂಟರ್‌ನಲ್ಲೇ. ಆದರೆ ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಬಿಟ್ಟು ಹೊರಗೆ ಬನ್ನಿ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಹುಡುಗಿಯರಿಗೆ ಕಬಡ್ಡಿ, ಖೋಖೋ, ಥ್ರೋಬಾಲ್. ಫುಟ್‌ಬಾಲ್‌ಗೆ ಎಷ್ಟೋ ಕಡೆ ಎದುರಾಳಿ ತಂಡವೇ ಇರುವುದಿಲ್ಲ, ವಾಕ್‌ಓವರ್ ಸಿಕ್ಕಿ ಜಿಲ್ಲೆಗೆ ಹೋಗಿಬಿಡುತ್ತಾರೆ. ಆಡದೇ ಗೆದ್ದವಳು ಏನು ಕಲಿತಾಳು?

ಆಮೇಲೆ ಎಸ್‌ಎಸ್‌ಎಲ್‌ಸಿ. ನನ್ನ ಜೊತೆಯವರಲ್ಲಿ ಜಾಸ್ತಿ ಜನ ಬಿಟ್ಟಿದ್ದು ಅಲ್ಲೇ. ಟ್ಯೂಷನ್, ಸಂಜೆ ಕತ್ತಲಾದ ಮೇಲೆ ಬಸ್ ಇಲ್ಲ, ಮೈದಾನದ ಹತ್ತಿರ ಟಾಯ್ಲೆಟ್ ಇಲ್ಲ, ಶಾರ್ಟ್ಸ್ ಹಾಕಿದ್ದಕ್ಕೆ ಊರಿನವರ ಮಾತು. ನಮ್ಮ ಕ್ಯಾಪ್ಟನ್ ಆಗಿದ್ದವಳು, ಮೈದಾನದಲ್ಲಿ ಹನ್ನೊಂದು ಜನರನ್ನೂ ಹಿಡಿದಿಡುತ್ತಿದ್ದವಳು, ಪಿಯುಸಿ ಮುಗಿಯುವ ಮೊದಲೇ ಮದುವೆಯಾಗಿ ಹೋದಳು. ಅಂಥ ಆಟಗಾರ್ತಿಯನ್ನು ನಾನು ಆಮೇಲೆ ಕಂಡಿಲ್ಲ.

ಅದಕ್ಕೇ ಹೇಳುತ್ತೇನೆ, ಅಪ್ಪ ಅಮ್ಮಂದಿರನ್ನು ಪಂದ್ಯಕ್ಕೆ ಕರೆಸಿ. ಭಾಷಣ ಬೇಡ, ಮಗಳು ಆಡುವುದನ್ನು ನೋಡಿದರೆ ಸಾಕು. ಹಾಗೇ ಹತ್ತನೇ ಕ್ಲಾಸಿನ ಹುಡುಗಿಯರಿಗೆ ಆರು ಏಳನೇ ಕ್ಲಾಸಿನ ಮಕ್ಕಳ ಪ್ರಾಕ್ಟೀಸ್ ವಹಿಸಿ. ಚಿಕ್ಕವರ ಮುಂದೆ ಅವರ ಬಾಯಿ ತಾನಾಗೇ ತೆರೆಯುತ್ತದೆ. ನನ್ನ ಬಾಯಿ ತೆರೆದದ್ದೂ ಹಾಗೇ.

ಮಲೆನಾಡ್ ಮಿಡ್‌ಫೀಲ್ಡರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾಕ್‌ಓವರ್ ವಿಷಯ ನೂರಕ್ಕೆ ನೂರು ನಿಜ, ನಮ್ಮ ತಾಲ್ಲೂಕಿನದೂ ಅದೇ ಕಥೆ. ಪಕ್ಕದ ಎರಡು ಹೈಸ್ಕೂಲಿನ ಪಿಟಿ ಮೇಷ್ಟ್ರ ಹತ್ತಿರ ಮಾತಾಡುತ್ತೇನೆ, ಏಳೇಳು ಜನರ ತಂಡ ಆದರೂ ಸರಿ, ತಿಂಗಳಿಗೆ ಎರಡು ಶನಿವಾರ ಆಡಿಸೋಣ ಅಂತ. ಲಕ್ಷ್ಮಿ ಮೇಡಂ, ಒಂದು ಕೇಳಬೇಕು. ಹೋದ ವರ್ಷ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಈಗಲೂ ಮೈದಾನಕ್ಕೆ ಬರುತ್ತಾಳೆ, ಚಿಕ್ಕವರಿಗೆ ಹೇಳಿಕೊಡುವುದೆಂದರೆ ಬಹಳ ಇಷ್ಟ. ಅವಳಿಗೆ ಇದರಲ್ಲೇ ದಾರಿ ಇದೆಯಾ?

ಲೆಫ್ಟ್ ಬ್ಯಾಕ್ ಲಕ್ಷ್ಮಿ:

ಖಂಡಿತ ಇದೆ. 18 ತುಂಬಿದ್ದರೆ ಎಐಎಫ್‌ಎಫ್ (ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್) ಡಿ ಲೈಸೆನ್ಸ್ ಕೋಚಿಂಗ್ ಕೋರ್ಸ್ ಮಾಡಿಸಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ನಡೆಯುತ್ತದೆ, ಯಾವಾಗ ಅಂತ ಅವರ ಆಫೀಸಿಗೆ ಫೋನ್ ಮಾಡಿ ಕೇಳಿ. ಊಟ, ವಸತಿ, ಬಸ್ ಚಾರ್ಜ್ ಎಲ್ಲ ಸೇರಿ ಮನೆಯವರಿಗೆ ಭಾರ ಅನಿಸಬಹುದು, ಹಳೆಯ ವಿದ್ಯಾರ್ಥಿಗಳನ್ನು ಒಂದು ಮಾತು ಕೇಳಿ ನೋಡಿ. ಬೆಂಗಳೂರಿಗೆ ಬರುವುದಾದರೆ ಇಲ್ಲೇ ಮೆಸೇಜ್ ಮಾಡಿ ಸರ್, ಉಳಿಯಲು ನಮ್ಮ ಮನೆ ಇದೆ. ಅವಳಿಗೆ ಒಳ್ಳೆಯ ಬೂಟ್ಸ್ ಇದೆಯಾ? ಸೈಜ್ ಹೇಳಿ.